‘ಪಸ್ತೀಸ’ ಎಂದರೆ ಐವತ್ಮೂರು ಬರೆಯುವ ಹುಡುಗ

ಠಾಣೆಯಿಂದ ವಾಶಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಐರೋಲಿ, ರಬಾಳೆ, ಘಣಸೋಲಿ ದಾಟಿದರೆ ಕೋಪರಖೈರಣೆ. ಸಿಡ್ಕೋದ ಪುಟ್ಟ ಪುಟ್ಟ ರೋ ಹೌಸುಗಳು, ಎಪಿಎಂಸಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಮಾಥಾಡಿಗಳ ಮನೆಗಳು, ಬೆಳಗಾದರೆ ನಾಕಾದಲ್ಲಿ ಕೂಲಿಗಾಗಿ ಕಾಯುವ ವಿಜಯಪುರ, ಕಲಬುರಗಿ ಕಡೆಯ ಜನ, ಹೋಟೆಲುಗಳಲ್ಲಿ ದುಡಿಯುವ ಕರಾವಳಿಯವರು, ಎಲ್ಲರೂ ಒತ್ತೊತ್ತಾಗಿ ಬಾಳುವ ಊರು. ಇಲ್ಲಿ ಮಾತನಾಡುವ ಇಬ್ಬರಲ್ಲಿ ಹಿರಿಯಾಕೆ ಉಡುಪಿ ಕಡೆಯವರು, ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಕಿರಿಯಾಕೆ ವಿಜಯಪುರ ಜಿಲ್ಲೆಯವಳು. ಹಗಲು ಶಾಲೆಯಲ್ಲಿ ಸಹಾಯಕ ಶಿಕ್ಷಕಿ, ಸಂಜೆ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಬಾಡಿಗೆ ಖೋಲಿಯಲ್ಲಿ ಪಾಠ.

ಕಿರಿಯಾಕೆ: ಅಕ್ಕಾರ, ತರಬೇತಿಯೊಳಗ ಒಂದು ಹಾಳಿ ಕೊಟ್ಟಾರ್ರಿ. ಅದರಾಗ ಆರು ಚೌಕ ಅದಾವು. ಏನಾತು, ನಿಮಗ ಏನ್ ಅನಸ್ತು, ಚಲೋ ಆಗಿದ್ದೇನು ಆಗಲಾರದ್ದೇನು, ಯಾಕ ಹಂಗಾತು, ಬ್ಯಾರೆ ಏನ್ ಮಾಡಬಹುದಿತ್ತು, ಮುಂದ ಏನ್ ಮಾಡ್ತೀರಿ. ವಾರಕ್ಕೊಂದು ತುಂಬಿ ಕೊಡ್ರಿ ಅಂತಾರ. ತುಂಬಾಕತ್ತೀನಿ. ಆದ್ರ ಸೋಮವಾರ ಖೋಲಿಗೆ ಹೋದ್ರ ಅದೇ ಪಾಠ, ಅದೇ ರೀತಿ. ಹಾಳಿಯಿಂದ ನನ್ನ ಕೆಲಸ ಏನೂ ಬದಲಾಗವಲ್ದು.

ಹಿರಿಯಾಕೆ: ಅದು ಗ್ರಹಾಂ ಗಿಬ್ಸ್ ಎಂಬವರ ಚಕ್ರ. 1988ರಲ್ಲಿ ಇಂಗ್ಲೆಂಡಿನಲ್ಲಿ ಬರೆದದ್ದು. ಈಗ ನರ್ಸುಗಳ ತರಬೇತಿಯಲ್ಲೂ ಉಂಟು, ಶಿಕ್ಷಕರ ತರಬೇತಿಯಲ್ಲೂ ಉಂಟು. ಚಕ್ರದ ಮೇಲೆ ನನಗೆ ತಕರಾರಿಲ್ಲ. ಮೊದಲನೇ ಚೌಕದಲ್ಲಿ ನೀನು ಎಂತ ಬರೆದಿದ್ದಿ, ಅದನ್ನು ಓದು ನೋಡುವ.

ಕಿರಿಯಾಕೆ: ‘ಇಂದು ಎರಡಂಕಿಯ ಸಂಖ್ಯೆಗಳನ್ನು ಬರೆಸಲಾಯಿತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಒಬ್ಬ ವಿದ್ಯಾರ್ಥಿಗೆ ಗಮನ ಕಡಿಮೆ.’ ಇಷ್ಟರಿ.

ಹಿರಿಯಾಕೆ: ಇದನ್ನು ಯಾವ ಊರಿನ ಯಾವ ತರಗತಿಗೆ ಬೇಕಾದರೂ ಅಂಟಿಸಬಹುದು ಮಾರಾಯ್ತಿ. ‘ಗಮನ ಕಡಿಮೆ’ ಎನ್ನುವುದು ನೀನು ಕಣ್ಣಾರೆ ಕಂಡದ್ದಲ್ಲ, ಕಂಡ ಮೇಲೆ ಕೊಟ್ಟ ತೀರ್ಪು. ಕಂಡದ್ದೇನು, ಅದನ್ನು ಹೇಳು. ಅವನ ಕೈ ಎಲ್ಲಿತ್ತು, ನೀನು ಯಾವ ಮಾತು ಹೇಳಿದಿ, ಅವನು ಎಂತ ಬರೆದ?

ಕಿರಿಯಾಕೆ: ಮರಾಠಿ ಮಾಧ್ಯಮ ಅಲ್ರಿ, ನಾನೂ ಮರಾಠಿಯೊಳಗ ಹೇಳಿದೆ. ‘ಪಸ್ತೀಸ’ ಅಂದೆ. ಮೂವತ್ತೈದು. ಅವ ಪಾಟಿ ಮ್ಯಾಲ 53 ಬರದ. ‘ಸತ್ತೇಚಾಳೀಸ’ ಅಂದೆ, ನಲವತ್ತೇಳು. 74 ಬರದ. ಬಾಜೂಕ ಕುಂತಾಂವ ನಕ್ಕ. ಇವ ಪಾಟಿ ಬೋರಲ ಹಾಕಿ ಕಿಡಕಿ ಕಡೆ ನೋಡ್ಕೋತ ಕುಂತ. ಆಮ್ಯಾಲ ಒಂದೂ ಬರೀಲಿಲ್ಲ.

ಹಿರಿಯಾಕೆ: ಈಗ ನೋಡು, ಉಳಿದ ಐದು ಚೌಕಗಳಿಗೂ ಕೆಲಸ ಬಂತು. ಕಿಟಕಿ ನೋಡಿದ್ದು ಮೊದಲಲ್ಲ, ಕೊನೆಗೆ. ಅದಕ್ಕಿಂತ ಮುಂಚೆ ಎರಡು ಸಲ ಬರೆದಿದ್ದಾನೆ, ಎರಡೂ ಸಲ ಒಂದೇ ತರಹ ತಿರುವುಮುರುವು. ಗಮನ ಇಲ್ಲದ ಮಗುವಿನ ತಪ್ಪು ಹೀಗೆ ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ಅವನು ಬಹಳ ಗಮನ ಕೊಟ್ಟೇ ತಪ್ಪು ಮಾಡಿದ್ದಾನೆ.

ಕಿರಿಯಾಕೆ: ಸಾಲಿ ಟೀಚರ್ ಬ್ಯಾರೆ ಹೇಳ್ಯಾರ್ರಿ. ಅಂಕಿ ತಿರುವಿ ಬರೀತಾನ ಅಂದ್ರ ಎಲ್‌ಡಿ ಅಂದ್ರ ಕಲಿಕೆಯ ತೊಡಕು ಇರಬೇಕು, ಟೆಸ್ಟ್ ಮಾಡಿಸ್ರಿ, ಸರ್ಟಿಫಿಕೇಟ್ ಸಿಕ್ರ ಮುಂದ ಪರೀಕ್ಷಾದಾಗ ಸವಲತ್ತು ಸಿಗ್ತಾವು ಅಂತ.

ಹಿರಿಯಾಕೆ: ಸವಲತ್ತು ಇರುವುದು ನಿಜ. ಓದು, ಬರಹ, ಲೆಕ್ಕದಲ್ಲಿ ನಿರ್ದಿಷ್ಟ ತೊಡಕಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವುದನ್ನು ಮಹಾರಾಷ್ಟ್ರ 1990ರ ದಶಕದಲ್ಲೇ ಶುರು ಮಾಡಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಇದೂ ಒಂದು. ಬೇಕಾದ ಮಗುವಿಗೆ ಅದು ಸಿಗಲೇಬೇಕು, ತಡ ಮಾಡಬಾರದು. ಉಂಟೋ ಇಲ್ಲವೋ ಎಂದು ಹೇಳುವುದು ನಿನ್ನ ಕೆಲಸವೂ ಅಲ್ಲ, ನನ್ನದೂ ಅಲ್ಲ. ಆದರೆ ಟೆಸ್ಟ್ ಮಾಡುವವರ ಮುಂದೆ ಮಗು ಒಂದೆರಡು ಸಲ ಕೂರುತ್ತದೆ. ನಿನ್ನ ಮುಂದೆ ದಿನಾ ಕೂರುತ್ತದೆ. ದಿನಾ ನೋಡುವವಳು ಏನು ನೋಡಿದಳು ಎನ್ನುವುದು ಅವರ ಕೈಗೆ ಹೋಗಬೇಕು. ಆ ಹುಡುಗನ ಮನೆಮಾತು ಕನ್ನಡವಲ್ಲವಾ, ಅವನಿಗೆ ಕನ್ನಡದಲ್ಲಿ ಹೇಳಿ ಬರೆಸಿದ್ದೀಯಾ?

ಕಿರಿಯಾಕೆ: ಬರೆಸೀನ್ರಿ. ಅದನ್ನ ಹೇಳಾಕ ಬಂದೀನಿ. ಪಾಟಿ ಬೋರಲ ಹಾಕಿದ ಮರುದಿನ, ಎಲ್ಲಾರೂ ಹೋದ ಮ್ಯಾಲ ಅವನೊಬ್ಬನ್ನ ಕುಂದರಿಸಿಕೊಂಡು, ನಮ್ಮ ಮಾತಿನ್ಯಾಗ ಹೇಳಿದೆ. ‘ಮೂವತ್ತೈದು ಬರಿಯಪ್ಪಾ’ ಅಂದೆ. 35 ಬರದ. ನಲವತ್ತೇಳು, ಅರವತ್ತೆರಡು, ಎಂಬತ್ತಾರು, ಎಲ್ಲಾ ಬರೋಬರಿ. ಮತ್ತ ಮರಾಠಿಗೆ ಬಂದೆ, ಮತ್ತ ತಿರುವು. ಇನ್ನೊಂದು ನೋಡಿದೆ ಅಕ್ಕಾರ. ‘ಪಸ್ತೀಸ’ ಅಂದ ಕೂಡ್ಲೆ ಅವನ ಕೈ ಮೊದಲ ಐದು ಬರೀತದ, ಅದರ ಬಲಕ್ಕ ಮೂರು. ಕಿವಿಗೆ ಬಿದ್ದ ಸಾಲಿನಂಗ ಬರೀತಾನ. ಮರಾಠಿಯೊಳಗ ಐದು ಮೊದಲ ಕೇಳ್ತದ, ಮೂವತ್ತು ಆಮ್ಯಾಲ.

ಹಿರಿಯಾಕೆ: ನಮ್ಮಲ್ಲಿ ಮೂವತ್ತು ಮೊದಲು, ಐದು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿ, ಹಿಂದಿ ಎರಡರಲ್ಲೂ ಬಿಡಿ ಮೊದಲು, ಹತ್ತು ನಂತರ. ಆ ಭಾಷೆಯ ಮನೆಯಲ್ಲಿ ಹುಟ್ಟಿದ ಮಕ್ಕಳಿಗೂ ಇದು ತೊಡಕೇ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ’ ಅನ್ನುವುದನ್ನು ‘ವೀಸ ಏಕ’ ಎಂದು ಓದುವ ರೀತಿಯನ್ನು ತಂದರು, ನೆನಪುಂಟಾ? ಗಣಿತಜ್ಞೆ ಮಂಗಲಾ ನಾರಳೀಕರ್ ಆ ಪುಸ್ತಕದ ಸಮಿತಿಯ ಮುಖ್ಯಸ್ಥೆ ಆಗಿದ್ದರು. ಎಷ್ಟು ಗಲಾಟೆ! ವಿಧಾನಸಭೆಯವರೆಗೆ ಹೋಯಿತು. ಮರಾಠಿಯನ್ನು ಕೆಡಿಸುತ್ತಾರೆ ಎಂದರು. ನಾರಳೀಕರ್ ಹೇಳುತ್ತಿದ್ದದ್ದು ಇಷ್ಟೇ, ಸಣ್ಣ ಮಕ್ಕಳಿಗೆ ಹೇಳುವ ಕ್ರಮಕ್ಕೂ ಬರೆಯುವ ಕ್ರಮಕ್ಕೂ ಹೊಂದಿಕೆ ಆಗುವುದಿಲ್ಲ, ಅದು ಕಷ್ಟ ಎಂದು. ದಕ್ಷಿಣದ ಭಾಷೆಗಳಲ್ಲಿ ಈ ಕಷ್ಟ ಇಲ್ಲ. ನಿನ್ನ ಹುಡುಗ ಆ ಎರಡೂ ಕ್ರಮಗಳ ನಡುವೆ ಕೂತಿದ್ದಾನೆ.

ಕಿರಿಯಾಕೆ: ಒಂಬತ್ತರ ಸಂಖ್ಯೆ ಬಂದ್ರ ಬ್ಯಾರೇನ ತಪ್ಪರಿ. ‘ಏಕೋಣತೀಸ’ ಅಂದ್ರ ಇಪ್ಪತ್ತೊಂಬತ್ತು. ಅವ ಒಮ್ಮೆ 31 ಬರದ, ಒಮ್ಮೆ 39. ‘ತೀಸ’ ಕೇಳಸ್ತದ, ಮೂವತ್ತರ ಮನಿಯಾಗ ಹುಡುಕ್ತಾನ. ಇದು ತಿರುವಿ ಬರದದ್ದಲ್ಲ. ಎರಡನ್ನೂ ಒಂದ ಪಟ್ಟಿಯಾಗ ಹಾಕಿ ‘ತಪ್ಪು’ ಅಂದಿದ್ರ ನನಗ ತಿಳೀತಿರಲಿಲ್ಲ. ಮತ್ತ ಅವರವ್ವ ತರಕಾರಿ ಗಾಡಿ ಹಚ್ಚತಾಳ. ಸಂಜಿಮುಂದ ಇವನೂ ನಿಂತಿರ್ತಾನ. ನಾ ಹೋಗಿ ನೋಡಿದೆ. ಗಿರಾಕಿ ‘ಪಸ್ತೀಸ’ ಅಂದ್ರ ಬರೋಬರಿ ಮೂವತ್ತೈದ ತೊಗೋತಾನ. ಐವತ್ತರ ನೋಟು ಕೊಟ್ರ ಹದಿನೈದು ತಿರುಗಿ ಕೊಡ್ತಾನ. ಒಂದು ರೂಪಾಯಿ ಹೆಚ್ಚು ಕಮ್ಮಿ ಇಲ್ಲ.

ಹಿರಿಯಾಕೆ: ಹಾಗಾದರೆ ಮರಾಠಿ ಸಂಖ್ಯೆ ಅವನಿಗೆ ಅರ್ಥ ಆಗುತ್ತದೆ. ಲೆಕ್ಕವೂ ಬರುತ್ತದೆ. ತೊಡಕಿರುವುದು ಕಿವಿಯಿಂದ ಪಾಟಿಗೆ ಇಳಿಯುವ ಆ ಒಂದು ದಾರಿಯಲ್ಲಿ. ಇಷ್ಟು ಸಣ್ಣ ಜಾಗ! ಅದನ್ನು ನೀನು ಹುಡುಕಿದಿ. ಆರು ಚೌಕದ ಹಾಳೆಯಲ್ಲಿ ಇದನ್ನು ಬರೆಯಲಿಲ್ಲವಲ್ಲ, ಯಾಕೆ?

ಕಿರಿಯಾಕೆ: ಅವರು ‘ನಿನಗ ಏನ್ ಅನಸ್ತು’ ಅಂತ ಕೇಳಿದ್ರಲ್ರಿ. ನನ್ನ ಬಗ್ಗೆ ಬರಿಯೋದು ಅಂತ ತಿಳದೆ.

ಹಿರಿಯಾಕೆ: ಅಲ್ಲೇ ಉಂಟು ನೋಡು ಸಮಸ್ಯೆ. ನಮ್ಮ ವೃತ್ತಿಯಲ್ಲಿ ಆತ್ಮಾವಲೋಕನ ಎಂದರೆ ಕನ್ನಡಿ ಮುಂದೆ ನಿಲ್ಲುವುದು ಎಂದು ತಿಳಿದುಕೊಂಡಿದ್ದಾರೆ. ನನಗೆ ತಾಳ್ಮೆ ಉಂಟಾ, ನಾನು ಒಳ್ಳೆಯವಳಾ, ನನಗೆ ಪ್ರೀತಿ ಉಂಟಾ. ಅದರಿಂದ ಬರುವುದು ಒಂದೋ ಹೆಮ್ಮೆ, ಒಂದೋ ನಾಚಿಕೆ. ಎರಡರಿಂದಲೂ ಮಗುವಿಗೆ ಮೂವತ್ತೈದು ಬರೆಯಲು ಬರುವುದಿಲ್ಲ. ಮಗುವಿನ ಪಾಟಿ ನೋಡು. ನೀನು ಏನು ಮಾಡಿದಿ ಎನ್ನುವುದು ಅಲ್ಲಿ ಕಾಣುತ್ತದೆ.

ಕಿರಿಯಾಕೆ: ಪಾಟಿ ಮ್ಯಾಲ ಅವ ಮಾಡಿದ್ದು ಕಾಣ್ತದ. ನಾ ಮಾಡಿದ್ದು ಹೆಂಗ ಕಾಣ್ತದರಿ?

ಹಿರಿಯಾಕೆ: ಪಾಟಿ ಸಾಲದಿದ್ದರೆ ಫೋನು. ತಾಯಿಯನ್ನು ಕೇಳಿ, ಒಪ್ಪಿದರೆ, ಹತ್ತು ನಿಮಿಷ ದನಿ ಮುದ್ರಿಸಿಕೋ. ಮುಖ ಬೇಡ, ವಿಡಿಯೋ ಬೇಡ. ಕೇಳಿ, ಬರೆದುಕೊಂಡು, ಅಳಿಸಿಬಿಡು. ಪ್ರಶ್ನೆ ಕೇಳಿದ ಮೇಲೆ ನೀನು ಮತ್ತೆ ಬಾಯಿ ತೆರೆಯುವವರೆಗೆ ಎಷ್ಟು ಹೊತ್ತು ಆಯಿತು, ಅದನ್ನು ಎಣಿಸು. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬಾಕೆ 1960–70ರ ದಶಕಗಳಲ್ಲಿ ವಿಜ್ಞಾನ ತರಗತಿಗಳ ದನಿಮುದ್ರಣ ಕೇಳಿ ಕೇಳಿ ಇದನ್ನೇ ಅಳೆದರು. ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ತಾವೇ ಉತ್ತರ ಹೇಳುತ್ತಾರೆ, ಇಲ್ಲ ಇನ್ನೊಬ್ಬರನ್ನು ಕೇಳುತ್ತಾರೆ. ಮೂರು ಸೆಕೆಂಡು ಕಾಯಲು ಕಲಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಕೈ ಎತ್ತದಿದ್ದವರೂ ಮಾತಾಡಿದರು.

ಕಿರಿಯಾಕೆ: ಮೂರು ಸೆಕೆಂಡು ಅಂದ್ರ ಏನೂ ಅಲ್ಲ ಅನಸ್ತದ.

ಹಿರಿಯಾಕೆ: ಮಾಡಿ ನೋಡು. ಮಗು ನಿನ್ನ ಮುಖ ನೋಡುತ್ತಾ ಇರುತ್ತದೆ, ನಿನ್ನ ನಾಲಗೆ ತುದಿಯಲ್ಲಿ ಉತ್ತರ ಇರುತ್ತದೆ. ಆಗ ಮೂರು ಸೆಕೆಂಡು ಬಹಳ ಉದ್ದ. ಎರಡು ಭಾಷೆಯಲ್ಲಿ ಯೋಚಿಸುವ ಮಗುವಿಗೆ ಇನ್ನೂ ಹೆಚ್ಚು ಬೇಕು. ಅವನು ‘ಪಸ್ತೀಸ’ ಕೇಳಿ, ಒಳಗೆ ಮೂವತ್ತೈದು ಮಾಡಿ, ಕೈಗೆ ಇಳಿಸಬೇಕಲ್ಲ.

ಕಿರಿಯಾಕೆ: ನಮ್ಮಂಥಾರಿಗೆ ಅದ ಕಷ್ಟ ಅಕ್ಕಾರ. ಸಹಾಯಕಿ ಅಂತ ಹೆಸರು ಇಟ್ಟಾರ. ಸಹಾಯ ಮಾಡದ ಸುಮ್ಮ ಕುಂತ್ರ ಪಗಾರ ಯಾಕ ಕೊಡಬೇಕು ಅಂತಾರ. ಹೆಡ್‌ ಮೇಡಂ ಬಾಗಿಲಾಗ ಬಂದು ನಿಂತ್ರ ನಾ ಹುಡುಗನ ಕೈ ಹಿಡದು ಬರಸೂದು ಕಾಣಬೇಕು. ಪಾಲಕರಿಗೂ ಹಂಗ. ನೋಟಬುಕ್ಕಿನ್ಯಾಗ ಎಲ್ಲಾ ಸರಿ ಇದ್ರ ಖುಷಿ.

ಹಿರಿಯಾಕೆ: ಇದು ನಿನ್ನೊಬ್ಬಳ ಕಷ್ಟ ಅಲ್ಲ, ಈ ಕೆಲಸದ್ದೇ ಕಷ್ಟ. ತರಗತಿಯ ಶಿಕ್ಷಕಿಗೆ ಪಾಠ ಮುಗಿಸಿದರೆ ಕೆಲಸ ಮುಗಿಯಿತು. ಆಸರೆ ಕೊಡುವವಳ ಕೆಲಸ ಮುಗಿಯುವುದು ಆಸರೆ ಬೇಡವಾದಾಗ. ಅದಕ್ಕೇ ನಾನು ಹೇಳುವುದು, ನಿನ್ನ ಪುಸ್ತಕದಲ್ಲಿ ಬೇರೆಲ್ಲ ಬಿಟ್ಟು ಇದೊಂದನ್ನು ಬರೆಯುತ್ತಾ ಹೋಗು. ಈ ಲೆಕ್ಕ ಅವನು ಒಬ್ಬನೇ ಮಾಡಿದನಾ, ನಾನು ಬೆರಳು ತೋರಿಸಿದ ಮೇಲಾ, ಒಂದು ಮಾತು ಹೇಳಿದ ಮೇಲಾ, ಕೈ ಹಿಡಿದ ಮೇಲಾ. ಒಂದು ತಿಂಗಳ ನಂತರ ಅದೇ ತರಹದ ಲೆಕ್ಕಕ್ಕೆ ನೀನು ಎಷ್ಟು ಕೊಡಬೇಕಾಯಿತು, ಹೋಲಿಸಿ ನೋಡು. ಕಡಿಮೆ ಆಗಿದ್ದರೆ ಸರಿ. ಅಷ್ಟೇ ಇದ್ದರೆ ನೀನು ಕಲಿಸುತ್ತಿಲ್ಲ, ಅವನ ಪರವಾಗಿ ಬರೆಯುತ್ತಿದ್ದಿ. ಹೆಡ್‌ ಮೇಡಂಗೂ ಇದನ್ನೇ ತೋರಿಸು. ಹೋದ ತಿಂಗಳು ಕೈ ಹಿಡಿಯುತ್ತಿದ್ದೆ, ಈಗ ಬರೇ ಪಕ್ಕದಲ್ಲಿ ಕೂರುತ್ತೇನೆ ಎಂದು ಕಾಗದದ ಮೇಲೆ ಕಂಡರೆ ಸುಮ್ಮನೆ ಕೂತದ್ದೂ ಕೆಲಸ ಎಂದು ಗೊತ್ತಾಗುತ್ತದೆ.

ಕಿರಿಯಾಕೆ: ಈ ಹುಡುಗನ ವಿಷಯದಾಗ ಒಂದು ಮಾಡೀನ್ರಿ. ಐಸ್‌ಕ್ರೀಂ ಕಡ್ಡಿ ಹತ್ತತ್ತರಂಗ ರಬ್ಬರ್ ಹಾಕಿ ಕಟ್ಟೀನಿ. ‘ಪಸ್ತೀಸ’ ಅಂದ ಮ್ಯಾಲ ಬರಿಯಾಂಗಿಲ್ಲ. ಮೊದಲ ಕಟ್ಟು ಇಡಬೇಕು, ಆಮ್ಯಾಲ ಬಿಡಿ ಕಡ್ಡಿ, ಎಡದಿಂದ ಬಲಕ್ಕ. ಇಟ್ಟದ್ದನ್ನ ನೋಡಿ ಬರೀಬೇಕು. ಕಿವಿ ಮತ್ತ ಕೈ ನಡುವ ಕಣ್ಣು ತಂದು ನಿಲ್ಲಿಸಿದಂಗ. ಈಗ ಕಡ್ಡಿ ಇದ್ರ ತಪ್ಪಂಗಿಲ್ಲ. ಕಡ್ಡಿ ತಗದ್ರ ಒಮ್ಮೊಮ್ಮೆ ತಪ್ಪತಾನ.

ಹಿರಿಯಾಕೆ: ಕಡ್ಡಿ ತೆಗೆಯುವ ಮೊದಲು ನಡುವೆ ಇನ್ನೊಂದು ಮೆಟ್ಟಿಲು ಇಡು. ಬರೆಯುವ ಮುಂಚೆ ‘ಇದರಲ್ಲಿ ಎಷ್ಟು ಕಟ್ಟು?’ ಎಂದು ಕೇಳು. ಅವನು ‘ಮೂರು’ ಎನ್ನಲಿ. ಆಮೇಲೆ ಆ ಪ್ರಶ್ನೆಯನ್ನು ನೀನು ಕೇಳುವುದು ಬಿಡು, ಅವನೇ ಮನಸ್ಸಿನಲ್ಲಿ ಕೇಳಿಕೊಳ್ಳಲಿ. ಇದು ಎಲ್ಲ ಮಕ್ಕಳಿಗೂ ಆಗುತ್ತದೆ ಎಂದಲ್ಲ. ಮತ್ತೊಂದು ಮಾತು. ಇಷ್ಟೆಲ್ಲ ಮಾಡಿದ ಮೇಲೂ ಕನ್ನಡದಲ್ಲೂ ತಪ್ಪಲು ಶುರು ಮಾಡಿದ, ಓದುವಾಗ ಅಕ್ಷರಗಳಲ್ಲೂ ಪರದಾಡಿದ ಎಂದಾದರೆ ಟೆಸ್ಟಿಗೆ ಕಳಿಸಲೇಬೇಕು. ಭಾಷೆಯ ತೊಡಕು ಸಿಕ್ಕಿತು ಎಂದು ಬೇರೆ ತೊಡಕು ಇಲ್ಲ ಎಂದಾಗುವುದಿಲ್ಲ.

ಕಿರಿಯಾಕೆ: ಬರಕೊಂಡೆ. ಒಂದು ಅನುಮಾನ ಐತ್ರಿ. ನಾ ಬಿ.ಎಡ್. ಮಾಡಿಲ್ಲ, ಸ್ಪೆಷಲ್ ಎಜುಕೇಟರೂ ಅಲ್ಲ. ಇಷ್ಟೆಲ್ಲಾ ನೋಡೂದು, ಹುಡುಕೂದು ದೊಡ್ಡವರ ಕೆಲಸ ಅಲ್ಲೇನ್ರಿ?

ಹಿರಿಯಾಕೆ: ಇದೇ ಮುಂಬಯಿಯಲ್ಲಿ ಬಾಲಸಖಿಯರು ಇದ್ದರು, ಗೊತ್ತುಂಟಾ? 1990ರ ದಶಕದ ಕೊನೆಯಲ್ಲಿ ಪ್ರಥಮ್ ಸಂಸ್ಥೆ ಪಾಲಿಕೆ ಶಾಲೆಗಳಲ್ಲಿ ಶುರು ಮಾಡಿದ್ದು. ಅದೇ ವಠಾರದ, ಹೈಸ್ಕೂಲು ಮುಗಿಸಿದ ಹುಡುಗಿಯರು. ವರ್ಷದ ಶುರುವಿನಲ್ಲಿ ಎರಡು ವಾರ ತರಬೇತಿ. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕರೆದು ಕಲಿಸುವುದು, ಜಾಗ ಎಲ್ಲಿ ಸಿಗುತ್ತದೋ ಅಲ್ಲಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಮುಂಬಯಿ, ವಡೋದರಾಗಳಲ್ಲಿ ಇದನ್ನು ಎರಡು ವರ್ಷ ಅಳೆದರು. ಆಮೇಲೆ 2019ರಲ್ಲಿ ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ ನೊಬೆಲ್ ಬಂತು. ಬಾಲಸಖಿಯ ಬಳಿ ಹೋದ ಮಕ್ಕಳು ಚೆನ್ನಾಗಿ ಮುಂದೆ ಬಂದರು. ವಿಶೇಷ ಎಂತ ಗೊತ್ತಾ, ಇವರು ಹೊರಗೆ ಹೋದಾಗ ತರಗತಿಯಲ್ಲಿ ಉಳಿದ ಮಕ್ಕಳಿಗೆ ಗುಂಪು ಸಣ್ಣದಾಯಿತಲ್ಲ, ಅವರಿಗೆ ಅದರಿಂದ ಲಾಭ ಕಾಣಲಿಲ್ಲ. ಅಂದರೆ ಮಕ್ಕಳ ಸಂಖ್ಯೆ ಕಡಿಮೆ ಆದದ್ದಲ್ಲ ಕಾರಣ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸಿದ್ದು ಕಾರಣ ಎಂದು ನನ್ನ ಎಣಿಕೆ. ಡಿಗ್ರಿ ಬೇಡ ಎಂದು ನಾನು ಹೇಳುವುದಿಲ್ಲ. ಓದು, ಖಂಡಿತ ಓದು. ಆದರೆ ನೋಡಲಿಕ್ಕೆ ಡಿಗ್ರಿ ಬರುವವರೆಗೆ ಕಾಯಬೇಡ.

ಕಿರಿಯಾಕೆ: ಡಿಗ್ರಿ ಇದ್ದವರಿಗೂ ಕೋರ್ಸ್ ತಪ್ಪಿಲ್ಲ ಬಿಡ್ರಿ. ನಮ್ಮ ಸಾಲಿ ಸ್ಪೆಷಲ್ ಎಜುಕೇಟರ್ ಐದು ವರ್ಷಕ್ಕ ನೂರು ಪಾಯಿಂಟ್ ಕೂಡಸಬೇಕಂತ, ಇಲ್ಲಾಂದ್ರ ರಿಜಿಸ್ಟ್ರೇಶನ್ ನವೀಕರಣ ಆಗಂಗಿಲ್ಲ. ರವಿವಾರ ಒಂದೊಂದು ಸೆಮಿನಾರಿಗೆ ಓಡ್ತಾರ.

ಹಿರಿಯಾಕೆ: ಭಾರತೀಯ ಪುನರ್ವಸತಿ ಮಂಡಳಿಯ ನಿಯಮ ಅದು. ಶಿಕ್ಷಕರಿಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಯ ತರಬೇತಿ ಎನ್ನುತ್ತದೆ. ಇವು ಬೇಕು. ಹೊಸ ವಿಷಯ ಕಿವಿಗೆ ಬೀಳದಿದ್ದರೆ ನಾವು ಹಳೆಯದರಲ್ಲೇ ಕೊಳೆಯುತ್ತೇವೆ. ನನ್ನ ಬೇಸರ ಬೇರೆ. ಐವತ್ತು ಗಂಟೆ ಕೂತು ಕೇಳಿದ್ದಕ್ಕೆ ಲೆಕ್ಕ ಉಂಟು, ಮರುದಿನ ತರಗತಿಯಲ್ಲಿ ಏನು ಬದಲಾಯಿತು ಎನ್ನುವುದಕ್ಕೆ ಲೆಕ್ಕ ಇಲ್ಲ. ಒಂದು ಗಂಟೆ ನಿನ್ನ ಪಾಠದಲ್ಲಿ ಇನ್ನೊಬ್ಬಳು ಸಹಾಯಕಿ ಹಿಂದೆ ಕೂತು ನೋಡಿದರೆ, ಅದನ್ನು ಆ ಐವತ್ತರಲ್ಲಿ ಸೇರಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಒಂದು ಗಂಟೆಗೂ ಪಗಾರ ಕೊಡಬೇಕು.

ಕಿರಿಯಾಕೆ: ಅದ ದೊಡ್ಡ ಮಾತು. ನಮಗ ಗಂಟೆ ಲೆಕ್ಕದಾಗ ಪಗಾರ. ಪಾಠ ಮುಗಿದ ಮ್ಯಾಲ ಕುಂತು ಬರದ್ರ ಅದು ನಮ್ಮ ಮನಿ ಹೊತ್ತು. ಅಡಗಿ, ನೀರು, ನನ್ನ ಕೂಸು.

ಹಿರಿಯಾಕೆ: ಹಾಗಾಗಿ ಹೆಚ್ಚು ಬರೆಯಬೇಡ. ದಿನಕ್ಕೆ ಒಂದೇ ಮಗು. ಮೂರೇ ಸಾಲು. ನಾನು ಹೇಳಿದ್ದು, ಅವನು ಮಾಡಿದ್ದು, ನಾಳೆ ಬದಲಿಸುವುದು ಒಂದು. ಅದನ್ನು ಮಕ್ಕಳು ಬ್ಯಾಗ್ ತುಂಬಿಕೊಳ್ಳುವಾಗಲೇ, ಖೋಲಿಯಲ್ಲೇ ಬರೆದು ಮುಗಿಸು. ಮಗುವಿನ ಹೆಸರು ಬೇಡ, ಒಂದು ಗುರುತು ಹಾಕಿಕೋ. ಆ ಪುಸ್ತಕ ಅಕಸ್ಮಾತ್ ತಾಯಿಯ ಕೈಗೆ ಸಿಕ್ಕಿದರೆ ಆಕೆಗೆ ನೋವಾಗುವ ಒಂದು ಮಾತೂ ಅದರಲ್ಲಿ ಇರಬಾರದು. ನೀನು ‘ಗಮನ ಕಡಿಮೆ’ ಎಂದು ಬರೆದದ್ದನ್ನು ಆಕೆ ಓದಿದ್ದರೆ ಎಂತ ಅನ್ನಿಸುತ್ತಿತ್ತು ಹೇಳು. ‘ಪಸ್ತೀಸ ಅಂದಾಗ 53 ಬರೆದ’ ಎಂದು ಓದಿದರೆ ಆಕೆಯೇ ಬಂದು ನಿನಗೆ ಗಾಡಿಯ ಕಥೆ ಹೇಳಿಯಾಳು.

ಕಿರಿಯಾಕೆ: ಬಾಜೂ ಸೆಕ್ಟರಿನ್ಯಾಗ ಒಬ್ಬಾಕಿ ಕ್ಲಾಸ್ ತೊಗೋತಾಳ್ರಿ. ಮರಾಠಿಯಾಕಿ. ಆಕೀನ ಕರೀಲೇನು, ಹಿಂದ ಕುಂತು ನೋಡಾಕ?

ಹಿರಿಯಾಕೆ: ಕರಿ. ಮರಾಠಿಯವಳು ಆದದ್ದು ಇನ್ನೂ ಒಳ್ಳೆಯದೇ. ನೀನು ಕೇಳಿಸಿಕೊಳ್ಳದ್ದನ್ನು ಆಕೆ ಕೇಳಿಸಿಕೊಳ್ಳುತ್ತಾಳೆ. ಆದರೆ ಮೊದಲೇ ಹೇಳಿಡು, ‘ನನ್ನ ಪಾಠ ಹೇಗಿತ್ತು’ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ ಎಂದು. ಹಾಗೆ ಕೇಳಿದರೆ ಗೆಳತಿಯರು ‘ಚೆನ್ನಾಗಿತ್ತು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಒಂದು ಮಗುವನ್ನು ಆಕೆಗೆ ಒಪ್ಪಿಸು. ಆ ಮಗುವಿನ ಕೈ, ಕಣ್ಣು, ಬಾಯಿ ಏನೇನು ಮಾಡಿತು, ಅಷ್ಟನ್ನೇ ಬರೆದುಕೊಳ್ಳಲಿ. ಮುಂದಿನ ವಾರ ನೀನು ಆಕೆಯ ಕ್ಲಾಸಿಗೆ ಹೋಗು.

ಕಿರಿಯಾಕೆ: ಹೋದ ವರ್ಷ ಒಂದು ಹುಡುಗಿ ಬಿಟ್ಟು ಬಿಟ್ಟು ಬರ್ತಿತ್ರಿ. ವಾರದಾಗ ಎರಡು ದಿನ ಇದ್ರ ಇತ್ತು. ನಾ ಪಾಠ ಸುಧಾರಿಸಾಕತ್ತೀನಿ, ಅಕಿನ ಇಲ್ಲ. ಅಂಥಲ್ಲಿ ಏನ್ ಮಾಡೂದು?

ಹಿರಿಯಾಕೆ: ಅದಕ್ಕೆ ನಮ್ಮ ಠಾಣೆ ಜಿಲ್ಲೆಯಲ್ಲೇ ಒಬ್ಬರು ಉತ್ತರ ಹುಡುಕಿದ್ದರು. ಆ ಭಾಗ ಈಗ ಪಾಲಘರ್ ಜಿಲ್ಲೆ, 2014ರಲ್ಲಿ ಬೇರೆ ಆಯಿತು. ತಾರಾಬಾಯಿ ಮೋಡಕ್. ಭಾವನಗರದಲ್ಲಿ ಗಿಜುಭಾಯಿ ಬಧೇಕರ ಜೊತೆ ಮಾಂಟೆಸ್ಸರಿ ರೀತಿಯ ಬಾಲಮಂದಿರ ನಡೆಸಿದವರು. 1945ರಲ್ಲಿ ಬೋರ್ಡಿ ಎಂಬ ಊರಿಗೆ ಬಂದರು, ಅನುತಾಯಿ ವಾಘ್ ಜೊತೆಗಿದ್ದರು. ಬಾಲವಾಡಿ ಶುರು ಮಾಡಿದರು. ಬಡವರ ಕೇರಿಯ ಮಕ್ಕಳು ಬರಲಿಲ್ಲ. ಪೋಷಕರಿಗೆ ತಿಳಿವಳಿಕೆ ಇಲ್ಲ ಎಂದು ವರದಿ ಬರೆದು ಸುಮ್ಮನೆ ಕೂರಬಹುದಿತ್ತು. ಅವರು ಕೇರಿಗೇ ಹೋಗಿ ನೋಡಿದರು. ದೊಡ್ಡ ಮಗು ಚಿಕ್ಕ ಮಗುವನ್ನು ಸೊಂಟದಲ್ಲಿ ಹೊತ್ತು ನೋಡಿಕೊಳ್ಳಬೇಕು, ದನ ಮೇಯಿಸಬೇಕು. ಹಾಗಾದರೆ ಮಕ್ಕಳು ಬಾಲವಾಡಿಗೆ ಬರುವುದು ಬೇಡ, ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ಚಿಕ್ಕ ಮಗುವಿಗೂ ಅಲ್ಲೇ ಜಾಗ. ದನ ಕಾಯುವವರಿಗೆ ಹುಲ್ಲುಗಾವಲಿನಲ್ಲೇ ಶಾಲೆ. ಮಾಂಟೆಸ್ಸರಿಯ ದುಬಾರಿ ಸಾಮಾನು ಬಿಟ್ಟು ಬೀಜ, ಚಿಪ್ಪು, ಕಲ್ಲು, ಎಲೆ. ಮುಂದೆ ಕೋಸಬಾಡದ ಗುಡ್ಡದಲ್ಲಿ ವಾರಲಿ ಮಕ್ಕಳ ನಡುವೆ ಅದೇ ಕೆಲಸ. 1975ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅಂಗನವಾಡಿ ತಂದಾಗ ಆ ಹೆಸರೇ ನಿಂತಿತು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಅವರು ಬಿಟ್ಟದ್ದು. ವರ್ಷಗಟ್ಟಲೆ ಕಲಿತ, ನಂಬಿದ, ಹೆಸರು ತಂದುಕೊಟ್ಟ ರೀತಿಯನ್ನು ಈ ಮಕ್ಕಳಿಗಾಗಿ ಬಿಚ್ಚಿ ಬೇರೆ ಕಟ್ಟಿದರು.

ಕಿರಿಯಾಕೆ: ಆ ಹುಡುಗಿ ತಮ್ಮನ್ನ ಎತ್ಕೊಂಡು ಬಾಗಿಲಾಗ ನಿಂತಿರ್ತಿತ್ರಿ ಒಮ್ಮೊಮ್ಮೆ. ಒಳಗ ಬರ್ತಿರಲಿಲ್ಲ.

ಹಿರಿಯಾಕೆ: ಮುಂದಿನ ಸಲ ತಮ್ಮನಿಗೂ ಚಾಪೆ ಹಾಕು.

ಕಿರಿಯಾಕೆ: ಹಾಕ್ತೀನಿ. ಈಗ ಈ ಹುಡುಗನ ವಿಷಯಕ್ಕ ಬರ್ತೀನ್ರಿ, ಅದಕ್ಕ ಅವಸರ ಐತಿ. ಅವರವ್ವ ಹೇಳಾಕತ್ತಿದ್ಲು, ಜೋಳದ ರಾಶಿಗೆ ಊರಿಗೆ ಹೋಗ್ತೀವಿ, ಈ ಸಲ ಹೋದ್ರ ಅಲ್ಲೇ ಇರತೀವಿ, ಊರ ಕನ್ನಡ ಸಾಲಿಗೆ ಹಾಕ್ತೀವಿ ಅಂತ. ನಾ ಹುಡುಕಿದ್ದೆಲ್ಲಾ ಇಲ್ಲೇ ಉಳೀತದ.

ಹಿರಿಯಾಕೆ: ಉಳಿಯಬಾರದು. ಒಂದು ಹಾಳೆ ಬರೆದು ತಾಯಿಯ ಕೈಗೆ ಕೊಡು, ಟಿ.ಸಿ. ಜೊತೆಗೆ ಇಟ್ಟುಕೊಳ್ಳಲಿ. ಕನ್ನಡದಲ್ಲೇ ಬರಿ. ಅಲ್ಲಿನ ಶಿಕ್ಷಕರಿಗೆ ಇವನು ಮೂರನೇ ತರಗತಿಗೆ ಬಂದು ಒಂದಕ್ಷರ ಓದಲು ಬಾರದವನಾಗಿ ಕಾಣುತ್ತಾನೆ. ಇಲ್ಲಿ ದೇವನಾಗರಿಯಲ್ಲಿ ಓದುತ್ತಿದ್ದ, ಕಥೆ ಓದಿ ಹೇಳುತ್ತಿದ್ದ ಎಂದು ಅವರಿಗೆ ಯಾರು ಹೇಳಬೇಕು? ಓದುವುದು ಅವನಿಗೆ ಬರುತ್ತದೆ, ಕನ್ನಡ ಲಿಪಿ ಒಂದೇ ಹೊಸದು.

ಕಿರಿಯಾಕೆ: ಸಂಖ್ಯೆ ತಿರುವು ಅಲ್ಲಿ ತಾನ ಹೋಗಬಹುದಲ್ರಿ? ಅಲ್ಲಿ ‘ಮೂವತ್ತೈದು’ ಅಂತಾರ.

ಹಿರಿಯಾಕೆ: ಹೋಗಬಹುದು. ಹೋದರೆ ನಿನ್ನ ಊಹೆ ಸರಿ. ಹೋಗದಿದ್ದರೆ ಬೇರೆ ಏನೋ ಉಂಟು, ಆಗ ಅವರು ಟೆಸ್ಟಿನ ದಾರಿ ಹಿಡಿಯಬೇಕು. ಅದನ್ನೂ ಬರಿ. ನಿನ್ನ ಫೋನ್ ನಂಬರ್ ಹಾಕು. ಯಾವುದಾಯಿತು ಎಂದು ತಿಳಿಸಲಿ, ನಿನ್ನ ಮುಂದಿನ ಮಗುವಿಗೆ ಬೇಕಾಗುತ್ತದೆ.

ಕಿರಿಯಾಕೆ: ಇನ್ನೊಂದು ಬರೀಬೇಕ್ರಿ. ಇವ ಅಂಕಿ ಕಲತದ್ದೂ ದೇವನಾಗರಿಯೊಳಗ. ಅದರ ಒಂದು ನೋಡಾಕ ಥೇಟ್ ಒಂಬತ್ತಿನಂಗ. ಅದರ ಐದು ನಾಕರಂಗ. ಅಲ್ಲಿ ಟೀಚರ್ ಹನ್ನೊಂದು ಅಂದಾಗ ಇವ ಹನ್ನೊಂದ ಬರದ್ರೂ ಅವರಿಗೆ ತೊಂಬತ್ತೊಂಬತ್ತು ಕಾಣ್ತದ.

ಹಿರಿಯಾಕೆ: ಹೌದಲ್ಲ! ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಎಲ್ಲಕ್ಕಿಂತ ಮೊದಲು ಅದನ್ನೇ ಬರಿ. ಮಾತಿನಲ್ಲಿ ಬೇಡ, ಎರಡೂ ಸಾಲು ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದು ತೋರಿಸು. ಅವನ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಊರಿಗೆ ಹೊರಡುವುದು ಯಾವಾಗಂತೆ?

ಕಿರಿಯಾಕೆ: ಬರೂ ರವಿವಾರ. ಶನಿವಾರ ಸಂಜಿಮುಂದ ಗಾಡಿ ಹತ್ರ ಹೋಗಿ ಕೊಟ್ಟು ಬರ್ತೀನಿ. ಅವರವ್ವಗ ಓದಾಕ ಬರಂಗಿಲ್ಲ, ನಿಂತು ಓದಿ ಹೇಳ್ತೀನಿ.